ಹಾಜರಿ ಪುಸ್ತಕದಿಂದ ಪಿಂಚಣಿವರೆಗೆ: ಕಾಫಿ ಸೀಮೆಯ ದಿನಗೂಲಿಯವರಿಗೆ ಯಾವ ಭದ್ರತೆ ಎಲ್ಲಿಂದ?

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಅದು ಅರೇಬಿಕಾ ಹಣ್ಣು ಕುಯ್ಯುವ ಹೊತ್ತು. ಬೆಳಿಗ್ಗೆ ಆಳುಗಳನ್ನು ತುಂಬಿಕೊಂಡು ಪಿಕಪ್ ಗಾಡಿಗಳು ತೋಟದ ದಾರಿ ಹಿಡಿಯುವ ಕಾಲ. ಅದೇ ದಿನಗಳಲ್ಲಿ ಮೊಬೈಲುಗಳಲ್ಲಿ ಸುದ್ದಿಯೂ ಓಡಾಡಿತು: ಇನ್ನು ಎಲ್ಲರಿಗೂ ಪಿಎಫ್ ಅಂತೆ, ಕೂಲಿಯವರಿಗೂ ಪಿಂಚಣಿ ಅಂತೆ, ಲೆಟರ್ ಕೊಡದೆ ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲವಂತೆ. ಕೂಲಿಗೆ ಹೋಗುವವರಿಗೆ ಆಸೆ, ಹತ್ತು ಎಕರೆ ತೋಟದವರಿಗೆ ದಿಗಿಲು.

ಕೇಂದ್ರದ 29 ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿ ಮಾಡಿದ ಸಂಹಿತೆಗಳಿವು. ವೇತನಕ್ಕೆ ಒಂದು, ಕೈಗಾರಿಕಾ ಸಂಬಂಧಕ್ಕೆ ಒಂದು, ಕೆಲಸದ ಜಾಗದ ಸುರಕ್ಷತೆಗೆ ಒಂದು, ಸಾಮಾಜಿಕ ಭದ್ರತೆಗೆ ಒಂದು. ಓಡಾಡಿದ ಸುದ್ದಿಯಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ಅರ್ಧ ನಿಜವಿದೆ. ಯಾವುದು ಯಾರಿಗೆ ಅನ್ವಯಿಸುತ್ತದೆ ಎಂದು ತಿಳಿಯಬೇಕಾದರೆ ಸಂಹಿತೆಗಿಂತ ಮುಂಚೆ ಒಂದೆರಡು ಮೂಲ ವಿಷಯ ತಿಳಿಯಬೇಕು.

ಅಸಂಘಟಿತ ಕೆಲಸ ಅಂದರೆ ಯಾವುದು?

ಸರ್ಕಾರಿ ಕಾಗದಗಳಲ್ಲಿ ‘ಅಸಂಘಟಿತ ಕಾರ್ಮಿಕರು’ ಎಂದು ಬರೆಯುತ್ತಾರೆ. ಅರ್ಥಶಾಸ್ತ್ರದವರು ‘ಅನೌಪಚಾರಿಕ ಉದ್ಯೋಗ’ ಎನ್ನುತ್ತಾರೆ. ಎರಡರ ತಿರುಳೂ ಹೆಚ್ಚುಕಡಿಮೆ ಒಂದೇ: ದುಡಿಮೆ ಇದೆ, ಕೂಲಿ ಇದೆ, ಆದರೆ ಆ ದುಡಿಮೆಗೆ ಕಾಗದದ ಆಧಾರವಿಲ್ಲ. ನೇಮಕಾತಿ ಪತ್ರವಿಲ್ಲ, ಸಂಬಳ ಸಹಿತ ರಜೆಯಿಲ್ಲ, ಪಿಎಫ್ ಇಲ್ಲ, ಕಾಯಿಲೆ ಬಿದ್ದ ದಿನದ ಕೂಲಿಯಿಲ್ಲ.

ಈ ವಿಚಾರವನ್ನು ಮೊದಲು ಚರ್ಚೆಗೆ ತಂದವರಲ್ಲಿ ಕೀತ್ ಹಾರ್ಟ್ ಎಂಬ ಮಾನವಶಾಸ್ತ್ರಜ್ಞರು ಮುಖ್ಯರು. 1960ರ ದಶಕದ ಉತ್ತರಾರ್ಧದಲ್ಲಿ ಅವರು ಘಾನಾ ದೇಶದ ಅಕ್ರಾ ನಗರದ ಬಡವರನ್ನು ಅಧ್ಯಯನ ಮಾಡಿ, 1970ರ ದಶಕದ ಆರಂಭದಲ್ಲಿ ಅದನ್ನು ಮುಂದಿಟ್ಟರು. ನಿರುದ್ಯೋಗಿಗಳು ಎಂದು ಸರ್ಕಾರ ಲೆಕ್ಕ ಹಾಕಿದ ಜನರು ನಿಜಕ್ಕೂ ಬೆಳಗಿಂದ ಸಂಜೆವರೆಗೆ ಏನಾದರೊಂದು ದುಡಿಯುತ್ತಲೇ ಇದ್ದರು, ದಾಖಲೆಯಲ್ಲಿ ಮಾತ್ರ ಇರಲಿಲ್ಲ. ದೇಶ ಮುಂದುವರಿದಂತೆ ಇಂಥ ಕೆಲಸ ತಾನಾಗಿ ಕರಗಿ ಎಲ್ಲರೂ ಕಂಪನಿ, ಕಾರ್ಖಾನೆ ಸೇರುತ್ತಾರೆ ಎಂದು ಆಗ ಬಹಳ ಜನ ನಂಬಿದ್ದರು. ಹಾಗಾಗಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ ಇಂದು ಜಗತ್ತಿನ ಸುಮಾರು 200 ಕೋಟಿ ಜನ, ಅಂದರೆ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಹೀಗೇ ದುಡಿಯುತ್ತಿದ್ದಾರೆ. ಭಾರತದಲ್ಲಿ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಗೆಹರಿಯಲಿ. ದೊಡ್ಡ ಎಸ್ಟೇಟಿನಲ್ಲಿ ಕೆಲಸ ಮಾಡಿದರೆ ಸಂಘಟಿತ, ಸಣ್ಣ ತೋಟದಲ್ಲಿ ಮಾಡಿದರೆ ಅಸಂಘಟಿತ ಎಂದಲ್ಲ. ಅಸಂಘಟಿತ ವಲಯದ ಅಧ್ಯಯನಕ್ಕೆ 2004ರಲ್ಲಿ ಅರ್ಜುನ್ ಸೇನ್‌ಗುಪ್ತ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ರಾಷ್ಟ್ರೀಯ ಆಯೋಗ ಇದನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿತು. ಸಂಘಟಿತ ಸಂಸ್ಥೆಯೊಳಗೇ ಸಾಮಾಜಿಕ ಭದ್ರತೆಯಿಲ್ಲದೆ ದುಡಿಯುವವರೂ ಅನೌಪಚಾರಿಕ ಕಾರ್ಮಿಕರೇ. ಕಾಫಿ ತೋಟದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಒಂದೇ ಸಾಲಿನಲ್ಲಿ ಹಣ್ಣು ಕುಯ್ಯುತ್ತಿರುವ ಇಬ್ಬರಲ್ಲಿ ಲೈನು ಮನೆಯಲ್ಲಿ (ಆಳುಗಳಿಗಾಗಿ ಎಸ್ಟೇಟಿನೊಳಗೆ ಸಾಲಾಗಿ ಕಟ್ಟಿದ ಮನೆ) ಇರುವ ಕಾಯಂ ಆಳಿನ ಹೆಸರಲ್ಲಿ ಪಿಎಫ್ ಖಾತೆ ಇರಬಹುದು. ಮೇಸ್ತ್ರಿ ಕರೆತಂದ, ಕೆಜಿ ಲೆಕ್ಕದಲ್ಲಿ ಕೂಲಿ ಪಡೆಯುವ ಪಕ್ಕದ ಆಳಿಗೆ ಏನೂ ಇರಲಾರದು. ಗಿಡ ಒಂದೇ, ಹಣ್ಣು ಒಂದೇ, ಸಂಜೆ ಕಣದಲ್ಲಿ ತೂಗುವ ತಕ್ಕಡಿಯೂ ಒಂದೇ.

ಮೂರು ನಾಲ್ಕು ಎಕರೆ ಕಾಫಿ ಇಟ್ಟುಕೊಂಡು ಉಳಿದ ದಿನ ಪಕ್ಕದ ತೋಟಕ್ಕೆ ಹೋಗುವ ರೈತರೂ ಇದೇ ಲೆಕ್ಕಕ್ಕೆ ಸೇರುತ್ತಾರೆ. ಅವರು ಮಾಲೀಕರೂ ಹೌದು, ಆಳೂ ಹೌದು. ಅವರ ಮುಪ್ಪಿಗೂ ಯಾರ ಭರವಸೆಯಿಲ್ಲ. ಈ ಮಾತು ಚರ್ಚೆಯಲ್ಲಿ ಬಿಟ್ಟುಹೋಗುವುದೇ ಹೆಚ್ಚು.

ಸಾಮಾಜಿಕ ಭದ್ರತೆ ಎಂಬುದು ಏನು?

1952ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾಡಿದ 102ನೇ ಒಪ್ಪಂದ ಇದನ್ನು ಒಂಬತ್ತು ಬಾಬತ್ತಾಗಿ ವಿಂಗಡಿಸಿತು. ವೈದ್ಯಕೀಯ ಆರೈಕೆ, ಕಾಯಿಲೆ ದಿನಗಳ ಆದಾಯ, ಕೆಲಸ ಕಳೆದುಕೊಂಡಾಗಿನ ನೆರವು, ಮುಪ್ಪು, ಕೆಲಸದಲ್ಲಾದ ಪೆಟ್ಟು, ಮಕ್ಕಳ ಪಾಲನೆ, ಹೆರಿಗೆ, ಅಂಗವೈಕಲ್ಯ, ದುಡಿಯುವವರು ಸತ್ತ ಮೇಲೆ ಉಳಿದವರ ಬದುಕು. ಇವೆಲ್ಲ ಒಂದಲ್ಲ ಒಂದು ದಿನ ಎಲ್ಲರ ಮನೆಗೂ ಬರುವಂಥವು. ಯಾರಿಗೆ, ಯಾವಾಗ ಎಂಬುದಷ್ಟೇ ಗೊತ್ತಿರುವುದಿಲ್ಲ.

ಮಲೆನಾಡಿನವರಿಗೆ ಮುಯ್ಯಾಳು ಗೊತ್ತು. ಇವತ್ತು ನನ್ನ ಗದ್ದೆ ನಾಟಿಗೆ ನೀವು ಬನ್ನಿ, ನಾಳೆ ನಿಮ್ಮ ಗದ್ದೆಗೆ ನಾವು ಬರುತ್ತೇವೆ. ದುಡ್ಡು ಕೈ ಬದಲಾಗುವುದಿಲ್ಲ, ಆದರೆ ಲೆಕ್ಕ ಎಲ್ಲರ ನೆನಪಿನಲ್ಲೂ ಇರುತ್ತದೆ. ಸಾಮಾಜಿಕ ವಿಮೆ ನಡೆಯುವುದೂ ಹೀಗೇ. ಮೈಯಲ್ಲಿ ಶಕ್ತಿ ಇದ್ದಾಗ ಎಲ್ಲರೂ ಒಂದಿಷ್ಟು ಕೊಡುತ್ತಾರೆ, ಯಾರಿಗೆ ಆಪತ್ತು ಬಂತೋ ಅವರ ಸರದಿಗೆ ಅದು ತಿರುಗಿ ಬರುತ್ತದೆ. ಮುಯ್ಯಾಳು ಒಂದು ಊರಿನೊಳಗೆ, ಪರಿಚಯದವರ ನಡುವೆ ನಡೆಯುತ್ತದೆ. ಊರು ಬಿಟ್ಟು ಊರಿಗೆ, ರಾಜ್ಯ ಬಿಟ್ಟು ರಾಜ್ಯಕ್ಕೆ ದುಡಿಯಲು ಹೋಗುವವರ ಲೆಕ್ಕವನ್ನು ಯಾರು ನೆನಪಿಟ್ಟುಕೊಳ್ಳಬೇಕು? ಕಾನೂನು, ಇಲಾಖೆ, ಮಂಡಳಿ, ಪೋರ್ಟಲ್ ಎಲ್ಲ ಹುಟ್ಟುವುದು ಈ ಪ್ರಶ್ನೆಗೆ ಉತ್ತರವಾಗಿ.

ದುಡ್ಡು ಬರುವ ಮೂರು ದಾರಿ

ಯಾವುದೇ ಯೋಜನೆಯ ಹೆಸರು ಕೇಳಿದರೂ ಮೊದಲು ಕೇಳಬೇಕಾದದ್ದು: ಇದರ ದುಡ್ಡು ಯಾರದು?

ಮೊದಲನೆಯದು ಮಾಲೀಕರ ಪಾಲಿರುವ ಯೋಜನೆಗಳು. ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಚಿಕಿತ್ಸೆಯ ವಿಮೆ), ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಇಡುಗಂಟು), ಹೆರಿಗೆ ಸೌಲಭ್ಯ, ಅಪಘಾತ ಪರಿಹಾರ ಈ ಗುಂಪಿನವು. ಇವುಗಳ ಮೊತ್ತ ದೊಡ್ಡದು, ಹಕ್ಕೂ ಗಟ್ಟಿ. ಆದರೆ ಮಾಲೀಕರು ಯಾರು ಎಂದು ಬೆರಳಿಟ್ಟು ತೋರಿಸಲು ಆಗಬೇಕು.

ಎರಡನೆಯದು ಕಾರ್ಮಿಕರೇ ಕಂತು ಕಟ್ಟುವ ಯೋಜನೆಗಳು. ಕೆಲವಕ್ಕೆ ಸರ್ಕಾರವೂ ತನ್ನ ಪಾಲು ಸೇರಿಸುತ್ತದೆ. ಮೂರನೆಯದು ತೆರಿಗೆ ದುಡ್ಡಿನಿಂದ ಸರ್ಕಾರವೇ ಕೊಡುವುದು: ಅನ್ನಭಾಗ್ಯದ ಅಕ್ಕಿ, ಸಂಧ್ಯಾ ಸುರಕ್ಷಾ, ವಿಧವಾ ವೇತನ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಇಲ್ಲಿ ಮಾಲೀಕರು ಯಾರು ಎಂದು ಯಾರೂ ಕೇಳುವುದಿಲ್ಲ, ರೇಷನ್ ಕಾರ್ಡು, ವಯಸ್ಸು, ಆಧಾರ್ ಸಾಕು. ಹಾಗಾಗಿ ಇವು ಹೆಚ್ಚು ಜನರಿಗೆ ತಲುಪುತ್ತವೆ, ಮೊತ್ತ ಮಾತ್ರ ಚಿಕ್ಕದು.

ನಮ್ಮ ಜಿಲ್ಲೆಗಳ ದಿನಗೂಲಿಯವರ ತೊಂದರೆ ಇರುವುದು ಮೊದಲ ಗುಂಪಿನಲ್ಲಿ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

12 ಎಕರೆ 14 ಗುಂಟೆಯ ಗೆರೆ

1951ರ ತೋಟ ಕಾರ್ಮಿಕರ ಕಾಯ್ದೆ ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳ ಆಳುಗಳಿಗಾಗಿಯೇ ಬಂದದ್ದು. ವಾಸಕ್ಕೆ ಮನೆ, ಕುಡಿಯುವ ನೀರು, ವೈದ್ಯಕೀಯ ನೆರವು, ಕಾಯಿಲೆ ದಿನದ ಭತ್ಯೆ, 50 ಅಥವಾ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಕ್ಕಳಿಗೆ ಶಿಶುವಿಹಾರ, ಇದೆಲ್ಲ ಮಾಲೀಕರ ಹೊಣೆ ಎಂದಿತು. ಲೈನು ಮನೆಗಳ ಪದ್ಧತಿ ಅದಕ್ಕಿಂತ ಹಳೆಯದಾದರೂ, ಮನೆ ಕೊಡುವುದನ್ನು ಹಕ್ಕಾಗಿ ಮಾಡಿದ್ದು ಈ ಕಾಯ್ದೆ.

ಅದು ಯಾವ ತೋಟಕ್ಕೆ? 1981ರ ತಿದ್ದುಪಡಿಯ ನಂತರ ಗೆರೆ ಬಿದ್ದದ್ದು ಇಲ್ಲಿ: 5 ಹೆಕ್ಟೇರ್ ಅಥವಾ ಹೆಚ್ಚು ಜಮೀನು, 15 ಅಥವಾ ಹೆಚ್ಚು ಆಳು. 5 ಹೆಕ್ಟೇರ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 12 ಎಕರೆ 14 ಗುಂಟೆ. ಈಗ ಸುರಕ್ಷತೆಯ ಸಂಹಿತೆಯಲ್ಲಿ ಸೇರಿಹೋಗಿರುವ ಈ ಕಾಯ್ದೆಗೆ 12 ಎಕರೆಯ ತೋಟ ತೋಟವೇ ಆಗಿರಲಿಲ್ಲ. ಕರ್ನಾಟಕ ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುತ್ತದೆ. ಆ ಕಾಫಿ ಬರುವ ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳಲ್ಲಿ ಬೆಳೆಗಾರರ ಸಂಖ್ಯೆ ತೆಗೆದುಕೊಂಡರೆ ಬಹುಪಾಲು ಸಣ್ಣ ಹಿಡುವಳಿದಾರರೇ. ಅಂದಮೇಲೆ ಎಷ್ಟು ತೋಟಗಳು ಗೆರೆಯ ಈಚೆಗೆ ಉಳಿದವು ಎಂಬುದನ್ನು ಊಹಿಸಬಹುದು.

ಬೇರೆ ಕಾನೂನುಗಳಿಗೂ ಇಂಥದೇ ಗೆರೆಗಳಿವೆ. ಪಿಎಫ್ ಕಡ್ಡಾಯವಾಗುವುದು 20 ಅಥವಾ ಹೆಚ್ಚು ಆಳಿದ್ದರೆ, ಇಎಸ್‌ಐ 10 ಅಥವಾ ಹೆಚ್ಚು ಇದ್ದರೆ. ಇಎಸ್‌ಐ ಮೊದಲಿನಿಂದ ತೋಟಗಳಿಗೆ ಅನ್ವಯಿಸುತ್ತಲೇ ಇರಲಿಲ್ಲ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ತೋಟದ ಮಾಲೀಕರು ಇಚ್ಛೆಪಟ್ಟರೆ ಸೇರಬಹುದು ಎಂದಿದೆ, ಕಡ್ಡಾಯವಿಲ್ಲ.

ಪಿಎಫ್ ಎಂದರೆ ಕೈಗೆ ಬರುವ ಕೂಲಿ ಕಡಿಮೆಯಾಗುತ್ತದೆ ಎಂದು ಬೇಡವೆನ್ನುವ ಆಳುಗಳೂ ಇದ್ದಾರೆ. ಒಂದು ಲೆಕ್ಕ ನೋಡಿ. ತಿಂಗಳಿಗೆ 12,000 ರೂಪಾಯಿ ಕೂಲಿಯಾದರೆ ಆಳಿನಿಂದ ಶೇ 12, ಅಂದರೆ 1,440 ರೂಪಾಯಿ ಹಿಡಿಯುತ್ತಾರೆ. ಮಾಲೀಕರೂ ಅಷ್ಟೇ ಹಾಕಬೇಕು, ಅದರಲ್ಲಿ ಸುಮಾರು 1,000 ರೂಪಾಯಿ ಪಿಂಚಣಿ ಖಾತೆಗೆ ಹೋಗುತ್ತದೆ. ಹೀಗೆ 20 ವರ್ಷ ಮುಂದುವರಿದು ಕೂಲಿ ಅಷ್ಟೇ ಇದ್ದರೂ 58 ವರ್ಷದ ನಂತರ ತಿಂಗಳಿಗೆ ಮೂರೂವರೆ ಸಾವಿರದ ಆಸುಪಾಸು ಪಿಂಚಣಿ, ಅದರ ಜೊತೆಗೆ ಬಡ್ಡಿ ಸೇರಿದ ಗಂಟು. ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ಆ ಹತ್ತು ವರ್ಷ ಒಂದೇ ತೋಟದಲ್ಲಿ ಆಗಬೇಕೆಂದಿಲ್ಲ. ಪಿಎಫ್ ಸಂಖ್ಯೆ ಒಂದೇ ಇದ್ದರೆ ಬೇರೆ ಬೇರೆ ಕಡೆಯ ಸೇವೆಯನ್ನು ಕೂಡಿಸುತ್ತಾರೆ.

ವರ್ಷವಿಡೀ ದುಡಿದರೂ ವರ್ಷ ತುಂಬುವುದಿಲ್ಲ

ಮೂಡಿಗೆರೆ ಕಡೆಯ ಒಬ್ಬ ಹೆಂಗಸಿನ ಒಂದು ವರ್ಷವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ನವೆಂಬರಿನಿಂದ ಜನವರಿವರೆಗೆ ಒಂದು ದೊಡ್ಡ ಎಸ್ಟೇಟಿನಲ್ಲಿ ಅರೇಬಿಕಾ ಕುಯ್ಲು, 75 ದಿನ. ಆಮೇಲೆ ಇನ್ನೊಂದು ತೋಟದಲ್ಲಿ ರೋಬಸ್ಟಾ ಮತ್ತು ಮೆಣಸು, 50 ದಿನ. ಬೇಸಿಗೆಯಲ್ಲಿ ಪೇಟೆಯ ಮನೆ ಕಟ್ಟುವ ಕೆಲಸದಲ್ಲಿ ಮಣ್ಣು, ಜಲ್ಲಿ ಹೊರುವುದು, 45 ದಿನ. ಮಳೆಗಾಲದಲ್ಲಿ ನಾಟಿ, ನಡುವೆ ಊರಿನ ಸಣ್ಣ ತೋಟಗಳಲ್ಲಿ ಕಳೆ, ಗೊಬ್ಬರದ ಕೆಲಸ, ಎಲ್ಲ ಸೇರಿ 80 ದಿನ. ಒಟ್ಟು 250 ದಿನ. ಯಾವ ಸರ್ಕಾರಿ ನೌಕರರಿಗೂ ಕಡಿಮೆಯಿಲ್ಲದ ದುಡಿಮೆ.

ಈಗ ಕಾನೂನಿನ ಲೆಕ್ಕಕ್ಕೆ ಬನ್ನಿ. ಗ್ರಾಚ್ಯುಟಿಗೆ ಒಬ್ಬರೇ ಮಾಲೀಕರ ಹತ್ತಿರ ಐದು ವರ್ಷದ ಸೇವೆ ಬೇಕು, ವರ್ಷ ಎಂದು ಎಣಿಸಲು ಸಾಮಾನ್ಯವಾಗಿ 240 ದಿನ ಆಗಬೇಕು. ಈಕೆಗೆ ಯಾವ ಹಾಜರಿ ಪುಸ್ತಕದಲ್ಲೂ 240 ಆಗಿಲ್ಲ. ಹೆರಿಗೆ ಸೌಲಭ್ಯಕ್ಕೆ ಹಿಂದಿನ 12 ತಿಂಗಳಲ್ಲಿ ಒಂದೇ ಕಡೆ 80 ದಿನ ದುಡಿದಿರಬೇಕು, ಐದು ದಿನ ಕಮ್ಮಿಯಾಯಿತು. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಬೇಕು, 45 ಆಗಿದೆ. ದುಡಿಮೆ ಪೂರ್ತಿ, ಈ ಮೂರರಲ್ಲೂ ಹಕ್ಕು ಸೊನ್ನೆ.

ಅದೇ ಹೆಂಗಸು ಒಂದೇ ಎಸ್ಟೇಟಿನಲ್ಲಿ 20 ವರ್ಷ ಕಾಯಂ ಇದ್ದು, ಕಡೆಯ ದಿನಗೂಲಿ 450 ರೂಪಾಯಿ ಇದ್ದಿದ್ದರೆ? ವರ್ಷಕ್ಕೆ 15 ದಿನದ ಕೂಲಿಯಂತೆ ಗ್ರಾಚ್ಯುಟಿಯೇ 1,35,000 ರೂಪಾಯಿ ಆಗುತ್ತಿತ್ತು.

ಇದಕ್ಕೆ ಬರೀ ಮಾಲೀಕರನ್ನು ದೂರಿದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ. ಕಾಫಿಯ ದರ ನಮ್ಮೂರಲ್ಲಿ ತೀರ್ಮಾನವಾಗುವುದಲ್ಲ, ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಗಳ ಏರಿಳಿತದ ಹಿಂದೆ ಓಡುತ್ತದೆ. ಕೆಲಸವೂ ಋತುವಿನದು: ಕುಯ್ಲಿಗೆ ನೂರು ಕೈ ಬೇಕು, ಆಗಸ್ಟಿನ ಮಳೆಯಲ್ಲಿ ಹತ್ತು ಸಾಕು. ಸಣ್ಣ ಬೆಳೆಗಾರರಿಗೆ ರಿಜಿಸ್ಟರು, ಚಲನ್, ತಿಂಗಳ ರಿಟರ್ನ್ಸ್ ನೋಡಿಕೊಳ್ಳಲು ರೈಟರನ್ನು ಇಟ್ಟುಕೊಳ್ಳುವ ಶಕ್ತಿಯೂ ಇರುವುದಿಲ್ಲ. ಆದರೂ ಲೆಕ್ಕವೇ ಇಲ್ಲ ಎನ್ನುವ ಹಾಗಿಲ್ಲ. ಪ್ರತಿ ವಾರದ ಬಟವಾಡೆಗೆ ಹಾಜರಿ ಬರೆದೇ ಬರೆಯುತ್ತಾರೆ, ಮುಂಗಡ ಕೊಟ್ಟದ್ದನ್ನಂತೂ ಯಾರೂ ಮರೆಯುವುದಿಲ್ಲ. ಆ ಪುಸ್ತಕ ಬಟವಾಡೆಗಷ್ಟೇ ಬಳಕೆಯಾಗಿ, ಆಳಿನ ಹಕ್ಕಿಗೆ ಬಳಕೆಯಾಗದೆ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇರುವುದು ಇಲ್ಲಿ. ನಮ್ಮ ಕಾನೂನು ಭದ್ರತೆಯನ್ನು ಮಾಲೀಕರ ಜೊತೆ ಕಟ್ಟಿದೆ, ಆಳಿನ ಬದುಕು ಋತುವಿನ ಜೊತೆ ನಡೆಯುತ್ತದೆ.

ಮರದಿಂದ ಬಿದ್ದರೆ

ಕಾಫಿ ತೋಟದಲ್ಲಿ ಅತಿ ಅಪಾಯದ ಕೆಲಸ ಎರಡು. ಒಂದು ಮರಗಸಿ: ನೆರಳು ಮರ ಹತ್ತಿ ಕೊಂಬೆ ಸವರುವುದು. ಇನ್ನೊಂದು ಮೆಣಸು ಕುಯ್ಲು. ಹಗುರವೆಂದು ತಂದ ಅಲ್ಯುಮಿನಿಯಂ ಏಣಿ ತೋಟದೊಳಗೆ ಹಾದುಹೋದ ವಿದ್ಯುತ್ ತಂತಿಗೆ ತಗುಲಿ ಜೀವ ಹೋದದ್ದನ್ನು ಪ್ರತಿ ಹಂಗಾಮಿನಲ್ಲೂ ಎಂಬಂತೆ ಪತ್ರಿಕೆಗಳಲ್ಲಿ ಓದುತ್ತೇವೆ.

ಕೆಲಸ ಮಾಡುವಾಗ, ಕೆಲಸದ ಕಾರಣದಿಂದ ಆದ ಅಪಘಾತಕ್ಕೆ ಮಾಲೀಕರು ಪರಿಹಾರ ಕೊಡಬೇಕು ಎಂಬ ಕಾನೂನು 1923ರಷ್ಟು ಹಳೆಯದು. ಕಾಫಿ ಎಸ್ಟೇಟಿನ ಕೆಲಸ ಅದರ ಪಟ್ಟಿಯಲ್ಲಿದೆ. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯ ಒಂದು ಅಧ್ಯಾಯವಾಗಿದೆ. ಇದಕ್ಕೆ 240 ದಿನ ಬೇಕಿಲ್ಲ, ಕೆಲಸಕ್ಕೆ ಬಂದು ಎರಡೇ ದಿನವಾಗಿದ್ದರೂ ಹೊಣೆ ಹುಟ್ಟುತ್ತದೆ. ತಪ್ಪು ಮಾಲೀಕರದೇ ಎಂದು ಸಾಬೀತು ಮಾಡಬೇಕಾಗಿಯೂ ಇಲ್ಲ.

ಮೊತ್ತ ಹೇಗೆ ಬರುತ್ತದೆ? ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು, ವಯಸ್ಸಿಗೆ ತಕ್ಕಂತೆ ಕಾನೂನಿನ ಅನುಸೂಚಿಯಲ್ಲಿ ಕೊಟ್ಟಿರುವ ಅಂಕಿಯಿಂದ ಗುಣಿಸುತ್ತಾರೆ. 40 ವರ್ಷದವರಿಗೆ ಆ ಅಂಕಿ 184.17. ತಿಂಗಳ ಕೂಲಿ 12,000 ಎಂದು ಹಿಡಿದರೆ 6,000ವನ್ನು 184.17ರಿಂದ ಗುಣಿಸಿ 11,05,020 ರೂಪಾಯಿ. ಮತ್ತೆಂದೂ ದುಡಿಯಲಾಗದಂಥ ಪೂರ್ಣ ಅಂಗವೈಕಲ್ಯವಾದರೆ ಅರ್ಧದ ಬದಲು ಶೇ 60 ಹಿಡಿಯುತ್ತಾರೆ, ಆಗ 13,26,024 ರೂಪಾಯಿ. ವಯಸ್ಸು ಕಡಿಮೆಯಿದ್ದಷ್ಟೂ ಅಂಕಿ ದೊಡ್ಡದು, 30 ವರ್ಷದವರಿಗೆ 207.98.

ಇಷ್ಟು ದೊಡ್ಡ ಹಕ್ಕು ಇರುವಾಗ ಎಷ್ಟೋ ಕುಟುಂಬಗಳು ಹೆಣ ಎತ್ತುವ ದಿನ ಕೈಗೆ ಕೊಟ್ಟ ಹಣಕ್ಕೆ ಒಪ್ಪಿ ಸುಮ್ಮನಾಗುತ್ತವೆ. ಆ ದಿನ ಆ ತೋಟದಲ್ಲಿ ಕೆಲಸಕ್ಕಿದ್ದರು, ಕೂಲಿ ಇಷ್ಟಿತ್ತು ಎಂದು ತೋರಿಸುವ ಕಾಗದ ಕೈಯಲ್ಲಿರುವುದಿಲ್ಲ. ಪರಿಹಾರದ ಹೊಣೆಯನ್ನು ವಿಮೆ ಕಂಪನಿಗೆ ವಹಿಸುವ ಪಾಲಿಸಿಯೂ ಇದೆ. ಸಣ್ಣ ಬೆಳೆಗಾರರು ಅದನ್ನು ಮಾಡಿಸಿದರೆ ಒಂದು ಅಪಘಾತದಿಂದ ತೋಟ ಮಾರುವ ಪರಿಸ್ಥಿತಿ ಬರುವುದಿಲ್ಲ, ಆಳಿನ ಮನೆಯೂ ಬೀದಿಗೆ ಬೀಳುವುದಿಲ್ಲ. ಇಬ್ಬರಿಗೂ ಉಪಯೋಗವಾಗುವ ಈ ವಿಷಯ ತೋಟಗಳಲ್ಲಿ ಇನ್ನಷ್ಟು ಮಾತಾಗಬೇಕು.

ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಬರುವಾಗ ಆದ ಅಪಘಾತವನ್ನೂ, ಅದಕ್ಕೂ ಕೆಲಸಕ್ಕೂ ನಂಟಿದೆ ಎಂದು ತೋರಿಸಿದರೆ, ಕೆಲಸದ ಅಪಘಾತವೆಂದೇ ಪರಿಗಣಿಸಬೇಕು ಎಂದು ಹೊಸ ಸಂಹಿತೆ ಹೇಳುತ್ತದೆ. ಘಾಟಿ ತಿರುವುಗಳಲ್ಲಿ ಆಳು ತುಂಬಿದ ಪಿಕಪ್ ಮಗುಚುವ ನಮ್ಮ ಸೀಮೆಗೆ ಇದು ಸಣ್ಣ ಸಂಗತಿಯಲ್ಲ. ಇನ್ನು ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಆನೆ ತುಳಿದು ಸತ್ತವರ ಕುಟುಂಬಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಬರುತ್ತದೆ. ಅದು ಸರ್ಕಾರದ್ದು. ಸಾವು ಕೆಲಸದ ಹೊತ್ತಿನಲ್ಲಿ, ಕೆಲಸದ ಜಾಗದಲ್ಲಿ ಆಗಿದ್ದರೆ ಮಾಲೀಕರ ಹೊಣೆಯ ಪ್ರಶ್ನೆ ಬೇರೆಯಾಗಿಯೇ ಏಳುತ್ತದೆ, ಅದನ್ನು ವಕೀಲರ ಹತ್ತಿರ ಕೇಳುವುದು ಒಳ್ಳೆಯದು.

ಇದೆಲ್ಲದರ ಜೊತೆ, ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರು ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತ ಸಾವಿಗೆ 2 ಲಕ್ಷ ಸಿಗುತ್ತದೆ. ಪ್ರತಿ ವರ್ಷ ಮೇ ಕೊನೆಯಲ್ಲಿ ಖಾತೆಯಲ್ಲಿ ಆ 20 ರೂಪಾಯಿ ಇರುವಂತೆ ನೋಡಿಕೊಳ್ಳಬೇಕು. ಖಾಲಿ ಖಾತೆಯಿಂದ ಕಂತು ಕಡಿತವಾಗದೆ ವಿಮೆ ನಿಂತುಹೋಗುತ್ತದೆ.

ಮುಪ್ಪಿಗೆ ಏನಿದೆ?

2019ರಲ್ಲಿ ಶುರುವಾದ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆ ಅಸಂಘಟಿತರಿಗಾಗಿಯೇ ಇರುವುದು. ತಿಂಗಳ ಆದಾಯ 15,000 ರೂಪಾಯಿ ಮೀರದ, 18ರಿಂದ 40 ವರ್ಷದವರು ಸೇರಬಹುದು. 18ರಲ್ಲಿ ಸೇರಿದರೆ ತಿಂಗಳಿಗೆ 55 ರೂಪಾಯಿ, 29ರಲ್ಲಿ 100, 40ರಲ್ಲಿ 200. ಕೇಂದ್ರ ಸರ್ಕಾರವೂ ಅಷ್ಟೇ ಸೇರಿಸುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ, ಪಿಂಚಣಿದಾರರು ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಅದರ ಅರ್ಧ. 2015ರ ಅಟಲ್ ಪಿಂಚಣಿ ಯೋಜನೆಯಲ್ಲಿ 1,000ದಿಂದ 5,000ವರೆಗೆ ಆರಿಸಿಕೊಳ್ಳಬಹುದು, ಅದಕ್ಕೂ ಸೇರುವ ವಯಸ್ಸು 40ಕ್ಕೆ ಮುಗಿಯುತ್ತದೆ.

ಎರಡು ಮಾತು ಗಮನದಲ್ಲಿರಲಿ. ಇವತ್ತು 25 ವರ್ಷದವರಿಗೆ ಈ 3,000 ಕೈ ಸೇರುವುದು 35 ವರ್ಷದ ನಂತರ, ಬೆಲೆಗಳು ಏರಿದಂತೆ ಈ ಮೊತ್ತ ಏರುವ ವ್ಯವಸ್ಥೆ ಯೋಜನೆಯಲ್ಲಿಲ್ಲ. ಎರಡನೆಯದಾಗಿ, ತೋಟಗಳಲ್ಲಿ ಈಗ ದುಡಿಯುತ್ತಿರುವ ಊರಿನ ಆಳುಗಳಲ್ಲಿ ನಲವತ್ತು ದಾಟಿದವರೇ ಹೆಚ್ಚು ಕಣ್ಣಿಗೆ ಬೀಳುತ್ತಾರೆ, ಅವರ ಮಕ್ಕಳು ಬೆಂಗಳೂರು ಸೇರಿದ್ದಾರೆ. ಹಾಗಾಗಿ ಈ ಯೋಜನೆಗಳ ಬಾಗಿಲು ಅವರಿಗೆ ಮುಚ್ಚಿದೆ. ಉಳಿಯುವುದು 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ. 60ರಿಂದ 65ರ ನಡುವಿನ ಬಡವರಿಗೆ ವೃದ್ಧಾಪ್ಯ ವೇತನವಿದೆ, ಮೊತ್ತ ಇನ್ನೂ ಕಡಿಮೆ. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು.

ಇ-ಶ್ರಮ್ ಕಾರ್ಡು ಕೊಡುವುದೇನು?

2020ರ ಲಾಕ್‌ಡೌನ್‌ನಲ್ಲಿ ಲಕ್ಷಾಂತರ ಜನ ನಡೆದೇ ಊರು ಸೇರಬೇಕಾಯಿತು. ಅವರಿಗೆ ನೆರವು ತಲುಪಿಸಲು ಹೊರಟಾಗ ಯಾರು ಎಲ್ಲಿ ಏನು ಕೆಲಸ ಮಾಡುತ್ತಿದ್ದಾರೆ ಎಂಬ ಪಟ್ಟಿಯೇ ಸರ್ಕಾರದ ಹತ್ತಿರ ಇರಲಿಲ್ಲ. ಆ ಕೊರತೆ ತುಂಬಲು 2021ರ ಆಗಸ್ಟ್ 26ರಂದು ಇ-ಶ್ರಮ್ ಪೋರ್ಟಲ್ ಶುರುವಾಯಿತು. ಈಗ ಅದರಲ್ಲಿ 30 ಕೋಟಿಗೂ ಹೆಚ್ಚು ನೋಂದಣಿ ಆಗಿದೆ.

ಈ ಕಾರ್ಡು ತನ್ನಷ್ಟಕ್ಕೆ ಪಿಂಚಣಿ ಕೊಡುವುದಿಲ್ಲ, ತಿಂಗಳಿಗೆ ದುಡ್ಡು ಹಾಕುವುದಿಲ್ಲ. ಅದು ಪಟ್ಟಿಯಲ್ಲಿ ನಿಮ್ಮ ಹೆಸರಿದೆ ಎಂಬುದಕ್ಕೆ 12 ಅಂಕಿಯ ಗುರುತು. ಇದರ ಗುಣ ಇರುವುದು ಮಾಲೀಕರ ಸಹಿ ಬೇಡ ಎಂಬುದರಲ್ಲಿ: ನಾನು ಇಂಥ ಕೆಲಸ ಮಾಡುತ್ತೇನೆ ಎಂದು ತಾವೇ ಘೋಷಿಸಿಕೊಂಡರೆ ಸಾಕು. ಅಸ್ಸಾಂ, ಜಾರ್ಖಂಡ್‌ನಿಂದ ಕುಯ್ಲಿಗೆ ಬರುವವರಿಗೂ ಇದೇ ಸಂಖ್ಯೆ ನಡೆಯುತ್ತದೆ. ಅವರ ರೇಷನ್ ಕಾರ್ಡಿನ ಕೇಂದ್ರದ ಪಾಲಿನ ಅಕ್ಕಿಯನ್ನು ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಪಡೆಯಬಹುದು. ಇದು ಗೊತ್ತಿಲ್ಲದೆ ಅಂಗಡಿಯಲ್ಲಿ ಅಕ್ಕಿ ಕೊಂಡು ಉಣ್ಣುವವರಿಗೆ ಮೇಸ್ತ್ರಿಗಳಾದರೂ ತಿಳಿಸಿದರೆ ಒಳ್ಳೆಯದು.

ಸಂಹಿತೆಯಿಂದ ನಿಜಕ್ಕೂ ಬದಲಾದದ್ದು

ಮೊದಲು ಕನಿಷ್ಠ ವೇತನ ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಇತ್ತು, ಈಗ ಎಲ್ಲ ಉದ್ಯೋಗಕ್ಕೂ. ದಿನಗೂಲಿಯನ್ನು ಆ ದಿನದ ಕೆಲಸ ಮುಗಿದಾಗ, ವಾರದ ಕೂಲಿಯನ್ನು ವಾರದ ರಜೆಗೆ ಮುಂಚೆ ಕೊಡಬೇಕು. ಅವಧಿ ನಿಗದಿ ಮಾಡಿ ನೇಮಿಸಿಕೊಂಡವರಿಗೆ ಗ್ರಾಚ್ಯುಟಿಗೆ ಐದು ವರ್ಷದ ಬದಲು ಒಂದೇ ವರ್ಷ ಸಾಕು. ಮನೆಗೆ ಊಟ, ಸಾಮಾನು ತಲುಪಿಸುವ ಗಿಗ್ ಕಾರ್ಮಿಕರು ಮೊದಲ ಸಲ ಕೇಂದ್ರ ಕಾನೂನಿನೊಳಗೆ ಬಂದರು. ಅವರಿಗಾಗಿ ಕಂಪನಿಗಳು ವಹಿವಾಟಿನ ಶೇ 1ರಿಂದ 2ರಷ್ಟು ಕೊಡಬೇಕು. ಕರ್ನಾಟಕ 2025ರಲ್ಲಿ ಇವರಿಗಾಗಿ ಪ್ರತ್ಯೇಕ ಕಾಯ್ದೆಯನ್ನೂ ಮಾಡಿದೆ.

ಅಸಂಘಟಿತರ ವಿಷಯದಲ್ಲಿ ಸಂಹಿತೆ ಹೇಳುವುದು, ಜೀವ ವಿಮೆ, ಆರೋಗ್ಯ, ಹೆರಿಗೆ, ಮುಪ್ಪಿನ ಯೋಜನೆಗಳನ್ನು ಕೇಂದ್ರವೂ, ಪಿಎಫ್, ಕೆಲಸದ ಅಪಘಾತ, ವಸತಿಯಂಥವನ್ನು ರಾಜ್ಯಗಳೂ ರೂಪಿಸಬೇಕು ಎಂದು. ಅಂದರೆ ಜಾರಿಯ ದಿನವೇ ಕೂಲಿಯವರ ಹೆಸರಲ್ಲಿ ಪಿಂಚಣಿ ಹುಟ್ಟಲಿಲ್ಲ. ಪಿಎಫ್‌ನ 20, ಇಎಸ್‌ಐನ 10ರ ಗೆರೆಯೂ ಹಾಗೇ ಇದೆ.

ಬೇರೆ ಕಡೆ ಹೇಗೆ ಮಾಡಿದರು?

ಮಾಲೀಕರು ಬದಲಾದರೂ ಭದ್ರತೆ ಆಳಿನ ಜೊತೆ ಹೋಗುವಂತೆ ಮಾಡಿದ ಮಾದರಿ ನಮ್ಮ ಪಕ್ಕದ ರಾಜ್ಯದಲ್ಲೇ ಇದೆ. ಮಹಾರಾಷ್ಟ್ರ 1969ರಲ್ಲಿ ಮಾಥಾಡಿಗಳಿಗೆ, ಅಂದರೆ ಹಮಾಲರಿಗೆ, ಕಾಯ್ದೆ ಮಾಡಿತು. ಹಮಾಲರೂ ವ್ಯಾಪಾರಿಗಳೂ ಒಂದು ಮಂಡಳಿಯಲ್ಲಿ ನೋಂದಾಯಿಸುತ್ತಾರೆ. ವ್ಯಾಪಾರಿ ಕೂಲಿಯನ್ನೂ ಅದರ ಮೇಲೆ ಇಂತಿಷ್ಟು ಶೇಕಡಾ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾರೆ. ಮಂಡಳಿ ಕೂಲಿ ಬಟವಾಡೆ ಮಾಡಿ, ಲೆವಿಯಿಂದ ಪಿಎಫ್, ಗ್ರಾಚ್ಯುಟಿ, ಚಿಕಿತ್ಸೆ ನೋಡಿಕೊಳ್ಳುತ್ತದೆ. ಬೆಳಿಗ್ಗೆ ಒಬ್ಬರ ಲಾರಿ, ಮಧ್ಯಾಹ್ನ ಇನ್ನೊಬ್ಬರದು ಇಳಿಸಿದರೂ ದಿನ ಒಂದೇ ಕಡೆ ಜಮೆಯಾಗುತ್ತದೆ. ಮೇಲೆ ಹೇಳಿದ ಮೂಡಿಗೆರೆಯ ಹೆಂಗಸಿನ 250 ದಿನವನ್ನು ಕೂಡಿಸುವವರು ಯಾರೂ ಇಲ್ಲದ ಕೊರತೆಗೆ ಇದು ನೇರ ಉತ್ತರ. ಕಟ್ಟಡ ಕಾರ್ಮಿಕರ ಮಂಡಳಿಯ ತಳಹದಿಯೂ ಹೆಚ್ಚುಕಡಿಮೆ ಇದೇ: 1996ರ ಕಾನೂನಿನಿಂದ ಬಂದ ಪದ್ಧತಿಯಂತೆ ಕಟ್ಟಡದ ವೆಚ್ಚದ ಮೇಲೆ ಶೇ 1 ಸೆಸ್ ಪಡೆದು ಆ ನಿಧಿಯಿಂದ ಕಾರ್ಮಿಕರಿಗೆ ನೆರವು ಕೊಡುತ್ತಾರೆ.

ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್ ಬೇರೆ ದಾರಿ ಹಿಡಿಯಿತು. 1988ರ ಸಂವಿಧಾನದ ನಂತರ ಅಲ್ಲಿ ಹಳ್ಳಿಯ ದುಡಿಮೆಗಾರರು, ಸಣ್ಣ ರೈತರು 15 ವರ್ಷ ಬೇಸಾಯದ ಕೆಲಸ ಮಾಡಿದ್ದನ್ನು ತೋರಿಸಿದರೆ ಸಾಕು, ಕಂತು ಕಟ್ಟಿರದಿದ್ದರೂ ಗಂಡಸರಿಗೆ 60ಕ್ಕೆ, ಹೆಂಗಸರಿಗೆ 55ಕ್ಕೆ ಕನಿಷ್ಠ ವೇತನದಷ್ಟು ಪಿಂಚಣಿ. ಥಾಯ್ಲೆಂಡ್ 2001–02ರಲ್ಲಿ ಯಾವ ಯೋಜನೆಯಲ್ಲೂ ಇಲ್ಲದ ಎಲ್ಲರಿಗೂ ತೆರಿಗೆ ಹಣದಿಂದ ಚಿಕಿತ್ಸೆ ಕೊಡಲು ಶುರು ಮಾಡಿತು, ಮೊದಲಿಗೆ ಒಂದು ಭೇಟಿಗೆ 30 ಬಾತ್ ಶುಲ್ಕ. ಎರಡೂ ಅಗ್ಗವಲ್ಲ, ದೇಶದ ಬಜೆಟ್ಟಿನ ಮೇಲೆ ಭಾರ ಬೀಳುತ್ತದೆ. ಯಾರ ಜೇಬಿನಿಂದ ಎಂಬ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಉತ್ತರ ಕಂಡುಕೊಂಡಿದೆ.

ಈಗಲೇ ಮಾಡಬಹುದಾದದ್ದು

ಕೂಲಿಯನ್ನು ಸಾಧ್ಯವಾದಷ್ಟೂ ಬ್ಯಾಂಕ್ ಖಾತೆಗೆ ಅಥವಾ ಫೋನ್‌ಪೇಗೆ ಹಾಕಿಸಿಕೊಳ್ಳಿ, ಪ್ರತಿ ಜಮೆಯೂ ಒಂದು ಪುರಾವೆ. ನಗದು ಪಡೆಯುವವರು ದಿನಾಂಕ, ತೋಟ, ಕೆಲಸ, ಕೂಲಿ ಬರೆದ ಸ್ವಂತ ಪುಸ್ತಕ ಇಟ್ಟುಕೊಂಡು ವಾರಕ್ಕೊಮ್ಮೆ ರೈಟರ ಸಹಿ ಕೇಳಬಹುದು. ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರಿನ ಪುಟದ ಫೋಟೋ ಮೊಬೈಲಿನಲ್ಲಿದ್ದರೂ ಉಪಯೋಗಕ್ಕೆ ಬರುತ್ತದೆ. ಆಸ್ಪತ್ರೆಗೆ ಸೇರಿಸುವಾಗ ಪೆಟ್ಟು ಹೇಗಾಯಿತು ಎಂದು ಕೇಳಿದರೆ ‘ಮನೆಯಲ್ಲಿ ಬಿದ್ದದ್ದು’ ಎಂದು ಬರೆಸಬೇಡಿ. ಎಲ್ಲಿ, ಯಾವ ಕೆಲಸದಲ್ಲಿ ಆಯಿತೋ ಅದನ್ನೇ ಬರೆಸಿ. ಮುಂದೆ ಪರಿಹಾರ ಕೇಳುವಾಗ ಮೊದಲು ನೋಡುವ ಕಾಗದಗಳಲ್ಲಿ ಅದೂ ಒಂದು.

ಇ-ಶ್ರಮ್ ನೋಂದಣಿ ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಗುತ್ತದೆ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಅದರ ಸಹಾಯವಾಣಿ 14434. ರಾಜ್ಯ ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಕನಿಷ್ಠ ವೇತನ, ಗ್ರಾಚ್ಯುಟಿ ತಕರಾರಿಗೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ದೂರು ಕೊಡಬಹುದು. ದೂರು ಬರಹದಲ್ಲಿರಲಿ, ಒಂದು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.